ಮೂರನೇ ಕೊಠಡಿಯ ಬೀಗ

2023ರ ಜೂನ್. ಶಾಲೆ ಶುರುವಾಗಿ ಎರಡು ವಾರ ಕಳೆದಿತ್ತು. ಒಂದು ಸೋಮವಾರ ಬೆಳಗ್ಗೆ ಹೆಡ್‌ಮಿಸ್ಟ್ರೆಸ್ ಮೇಡಂ ಫೋನ್ ಮಾಡಿ, "ಒಂದ್ಸಲ ಬಂದು ಹೋಗಿ, ನೀವೇ ಕಣ್ಣಾರೆ ನೋಡಿ" ಎಂದರು. ಅರ್ಧ ಹೊಲಿದ ರವಿಕೆಯನ್ನು ಮಿಷನ್ ಮೇಲೇ ಬಿಟ್ಟು ಓಡಿದೆ.

ಮೂರನೇ ಕೊಠಡಿಯ ಮುಂದಿನ ಬೆಂಚಿನ ಮೇಲೆ ಸೂರಿನ ಕಾಂಕ್ರೀಟ್ ಬಿದ್ದಿತ್ತು. ಎರಡು ಅಂಗೈ ಅಗಲ, ಎರಡು ಬೆರಳು ದಪ್ಪ. ಭಾನುವಾರ ರಾತ್ರಿ ಜೋರು ಮಳೆ ಬಂದಿತ್ತು, ಆಗಲೇ ಬಿದ್ದಿರಬೇಕು. ತಲೆ ಎತ್ತಿ ನೋಡಿದೆ. ಒಳಗಿನ ಕಬ್ಬಿಣದ ಸರಳು ಕಾಣುತ್ತಿತ್ತು. ತುಕ್ಕು ಹಿಡಿದು ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಎದ್ದಿತ್ತು. ಆ ಬೆಂಚಿನಲ್ಲಿ ಕೂರುವುದು ನಾಲ್ಕನೇ ಕ್ಲಾಸಿನ ಮಕ್ಕಳು. ನನ್ನ ಮಗಳೂ ಅದೇ ಕ್ಲಾಸು.

ಅವತ್ತೇ ಕೊಠಡಿಗೆ ಬೀಗ ಹಾಕಿಸಿದೆವು. ನಾನು ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ಪೋಷಕರ ಕಡೆಯ ಸದಸ್ಯೆ. ಬೀಗ ಹಾಕಲು ಐದು ನಿಮಿಷ ಸಾಕಾಯಿತು. ಮುಂದಿನ ದಾರಿ ಸಿಗಲು ಹತ್ತಿರ ಹತ್ತಿರ ಎರಡು ವರ್ಷ ಬೇಕಾಯಿತು. ಈ ಓಡಾಟದಲ್ಲಿ ನಾನು ಕಲಿತದ್ದನ್ನು ಬರೆದಿಡುತ್ತಿದ್ದೇನೆ. ನಿಮ್ಮ ಊರಲ್ಲೂ ಇಂಥದ್ದೇ ಹಳೆ ಶಾಲೆಯೋ ಅಂಗನವಾಡಿಯೋ ಇದ್ದೀತು. ಅಲ್ಲಿನ ಮಕ್ಕಳ ಅಪ್ಪ ಅಮ್ಮಂದಿರಿಗೆ ಸ್ವಲ್ಪವಾದರೂ ಓಡಾಟ ತಪ್ಪಲಿ ಎಂಬ ಆಸೆ.

ಮೊದಲ ತಿಂಗಳು ಹೋದ ಕಡೆಯೆಲ್ಲ ಎರಡೇ ಮಾತು ಕೇಳಿದೆ. ಒಂದು, "ಇದು ಸರ್ಕಾರಿ ಕಟ್ಟಡ ಅಮ್ಮ, ಸರ್ಕಾರಕ್ಕೆ ಸರ್ಕಾರವೇ ಪರ್ಮಿಷನ್ ಕೇಳಬೇಕಾ?" ಇನ್ನೊಂದು, "ಹಳೇ ಬಿಲ್ಡಿಂಗ್, ಈಗಿನ ರೂಲ್ ಇದಕ್ಕೆ ಬರಲ್ಲ." ಒಂದು ಕಚೇರಿಯಲ್ಲಂತೂ ನನ್ನ ಅರ್ಜಿ ಓದುವ ಮೊದಲೇ ಈ ಎರಡೂ ಮಾತು ಬಂದವು. ಹೇಳಿದವರು ಕೆಟ್ಟವರಲ್ಲ. ಅವರಿಗೆ ಹಿಂದಿನವರು ಹಾಗೇ ಹೇಳಿಕೊಟ್ಟಿದ್ದರು. ನಾನೂ ಮೊದಮೊದಲು ಅದು ನಿಜ ಅಂತಲೇ ನಂಬಿದ್ದೆ.

ಅಷ್ಟರಲ್ಲಿ ಒಬ್ಬ ಗುತ್ತಿಗೆದಾರರು ಮುಂದೆ ಬಂದರು. "ಎರಡು ದಿನ ಕೊಡಿ, ಗಾರೆ ಮೆತ್ತಿ, ಸುಣ್ಣ ಹೊಡೆದು, ಹೊಸದರ ಹಾಗೆ ಮಾಡಿಕೊಡ್ತೀನಿ" ಎಂದರು. ಮಕ್ಕಳು ವರಾಂಡದಲ್ಲಿ ಕೂತು ಪಾಠ ಕೇಳುತ್ತಿದ್ದರು, ಮಳೆ ಎರಚಲು ಹೊಡೆಯುತ್ತಿತ್ತು. ಕಮಿಟಿಯಲ್ಲಿ ಜಾಸ್ತಿ ಜನ ಹೂಂ ಎಂದೇ ಬಿಟ್ಟರು. ನನಗೆ ಮಾತ್ರ ಆ ಕೆಂಪು ಸರಳು ಕಣ್ಣ ಮುಂದೆ ಬರುತ್ತಿತ್ತು. ಒಂದು ವಾರ ಸಮಯ ಕೇಳಿಕೊಂಡೆ.

ನಮ್ಮ ಬೀದಿಯಲ್ಲಿ ಒಬ್ಬರು ಮೇಷ್ಟ್ರು ಇದ್ದಾರೆ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಪಾಠ ಹೇಳಿ ನಿವೃತ್ತರಾದವರು. ಅವರನ್ನು ಕರೆದುಕೊಂಡು ಹೋದೆ. ಬೀಗ ತೆಗೆಸಿದೆವು. ಅವರು ಒಂದು ಬಿದಿರು ಗಳದ ತುದಿಯಿಂದ ಸೂರನ್ನು ಮೆಲ್ಲಗೆ ತಟ್ಟುತ್ತಾ ಹೋದರು. ಕೆಲವು ಕಡೆ ಗಟ್ಟಿ ಸದ್ದು. ಕೆಲವು ಕಡೆ ಖಾಲಿ ಡಬ್ಬದ ಹಾಗೆ ಟೊಳ್ಳು ಸದ್ದು. ಟೊಳ್ಳು ಸದ್ದು ಬಂದ ಕಡೆಯೆಲ್ಲ ಕೆಳಗೆ ನೆಲದ ಮೇಲೆ ನನ್ನ ಕೈಯಲ್ಲಿ ಸೀಮೆಸುಣ್ಣದ ಗುರುತು ಹಾಕಿಸಿದರು. ಮುಗಿಯುವಾಗ ಕೊಠಡಿಯ ಅರ್ಧ ನೆಲ ಬೆಳ್ಳಗಾಗಿತ್ತು.

ಆಮೇಲೆ ತಾರಸಿ ಹತ್ತಿದೆವು. ಸೋರುತ್ತದೆ ಅಂತ ಯಾವುದೋ ಕಾಲದಲ್ಲಿ ಒಂದು ಪದರ ಗಾರೆ ಹಾಕಿದ್ದರು. ಮತ್ತೆ ಸೋರಿದಾಗ ಅದರ ಮೇಲೆ ಇನ್ನೊಂದು. ಮೂಲೆಯಲ್ಲಿ ಎರಡು ಸಾವಿರ ಲೀಟರಿನ ನೀರಿನ ಟ್ಯಾಂಕು. ಸಾವಿರ ಲೀಟರ್ ನೀರು ಅಂದರೆ ಒಂದು ಟನ್ ಭಾರ. ಕಟ್ಟಿದಾಗ ಇಲ್ಲದ ಎರಡು ಟನ್ ಈಗ ಆ ಮೂಲೆಯಲ್ಲಿ ಕೂತಿದೆ, ಪದರಗಳ ಭಾರ ಬೇರೆ.

"ನೋಡಮ್ಮ, ಹೊಸ ಕಾಂಕ್ರೀಟು ಕ್ಷಾರ ಗುಣದ್ದು. ಅದು ಇರೋತನಕ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯಲ್ಲ" ಎಂದರು ಮೇಷ್ಟ್ರು. ವರ್ಷಗಳು ಕಳೆದಂತೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಸಣ್ಣದಾಗಿ ಒಳಗಿಳಿದು ಆ ಗುಣವನ್ನು ತಿಂದುಹಾಕುತ್ತದೆ. ಜೊತೆಗೆ ಸೋರುವ ನೀರು. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ. ಉಬ್ಬಿ ಉಬ್ಬಿ ಸುತ್ತಲಿನ ಕಾಂಕ್ರೀಟನ್ನು ಹೊರಗೆ ತಳ್ಳುತ್ತದೆ. ನಮ್ಮ ಬೆಂಚಿನ ಮೇಲೆ ಬಿದ್ದದ್ದು ಅದೇ. ಅದರ ಮೇಲೆ ಹೊಸ ಗಾರೆ ಮೆತ್ತಿದರೆ ತುಕ್ಕು ನಿಲ್ಲುವುದಿಲ್ಲ. ಕಣ್ಣಿಗೆ ಮರೆಯಾಗುತ್ತದೆ, ಅಷ್ಟೆ.

ಇಲ್ಲಿ ನನಗೆ ಮೊದಲ ಬಾರಿ ಒಂದು ವಿಷಯ ಹೊಳೆಯಿತು. ಭಾರತೀಯ ರಾಷ್ಟ್ರೀಯ ಕಟ್ಟಡ ಸಂಹಿತೆ ಅಂತ ಒಂದು ದೊಡ್ಡ ಪುಸ್ತಕ ಇದೆ. ಎಲ್ಲರೂ ಎನ್‌ಬಿಸಿ ಅನ್ನುತ್ತಾರೆ. 1970ರಲ್ಲಿ ಮೊದಲು ಬಂತು. 1983, 2005, 2016ರಲ್ಲಿ ಪರಿಷ್ಕಾರವಾಯಿತು. ಅದರಲ್ಲಿ ಅನುಮತಿ ಬೇಡದ ಸಣ್ಣ ಕೆಲಸಗಳ ಪಟ್ಟಿ ಇದೆ. ಸುಣ್ಣ ಬಳಿಯುವುದು, ಬಣ್ಣ ಹೊಡೆಯುವುದು, ಗಾರೆ ಮೆತ್ತುವುದು, ನೆಲ ಹಾಸುವುದು ಎಲ್ಲ ಅದರಲ್ಲಿ ಬರುತ್ತವೆ. ಕಟ್ಟಡದ ಗಟ್ಟಿತನಕ್ಕೂ ಬೆಂಕಿ ಸುರಕ್ಷತೆಗೂ ಧಕ್ಕೆ ಬರಬಾರದು ಎಂಬ ಷರತ್ತು ಮಾತ್ರ ಇದೆ. ಅಂದರೆ ಗುತ್ತಿಗೆದಾರರು ಹೇಳಿದ ಕೆಲಸಕ್ಕೆ ಯಾರೂ ಬಂದು ನೋಡಬೇಕಿಲ್ಲ. ಯಾರ ಸಹಿಯೂ ಬೇಡ. ಸುಲಭದ ದಾರಿ ಹಿಡಿದರೆ ಕೊಠಡಿಯ ಒಳಗೆ ಏನಾಗಿದೆ ಎಂದು ಯಾರಿಗೂ ಗೊತ್ತಾಗುತ್ತಲೇ ಇರಲಿಲ್ಲ. ಮಕ್ಕಳು ಮತ್ತೆ ಅದೇ ಬೆಂಚಿನಲ್ಲಿ ಕೂರುತ್ತಿದ್ದರು. ಇದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಗಾರೆ ಬೇಡ ಅಂತ ಕಮಿಟಿಯನ್ನು ಒಪ್ಪಿಸಿದೆ. ಆದರೆ ನಾಲ್ಕನೇ ಕ್ಲಾಸು ಎಲ್ಲಿ ಕೂರಬೇಕು? ಶಾಲೆಯ ಹಿಂಭಾಗದಲ್ಲಿ ಒಂದು ದಾಸ್ತಾನು ಕೊಠಡಿ ಇತ್ತು. ಅಕ್ಷರ ದಾಸೋಹದ ಅಕ್ಕಿ ಬೇಳೆ ಮೂಟೆ, ಹಳೆ ಪುಸ್ತಕ, ಎರಡು ತುಂಬಿದ ಗ್ಯಾಸ್ ಸಿಲಿಂಡರ್ ಅಲ್ಲೇ ಇರುತ್ತಿದ್ದವು. ಗೋಡೆಯ ಆಚೆ ಅಡುಗೆಮನೆ. ಒಂದೇ ಬಾಗಿಲು. ಎತ್ತರದಲ್ಲಿ ಒಂದು ಸಣ್ಣ ಕಿಟಕಿ, ಅದಕ್ಕೂ ಕಬ್ಬಿಣದ ಸರಳು. "ಮೂಟೆಗಳನ್ನ ಒಂದು ಕಡೆಗೆ ಸರಿಸಿ ಮಕ್ಕಳನ್ನ ಕೂರಿಸೋಣ, ಅದೂ ಶಾಲೆಯದೇ ರೂಮು ಅಲ್ವಾ" ಎಂದು ಮಾತು ಬಂತು. ಸೂರು ಗಟ್ಟಿಯಾಗಿತ್ತು. ನನಗೂ ಸರಿ ಅನ್ನಿಸಿತ್ತು.

ಮೇಷ್ಟ್ರು ಆ ಕೊಠಡಿಯ ಬಾಗಿಲಲ್ಲಿ ನಿಂತು ಸುಮ್ನೆ ತಲೆ ಅಲ್ಲಾಡಿಸಿದರು. ಒಳಗೆ ಬರಲೂ ಇಲ್ಲ.

ಹಳೆ ಕಟ್ಟಡಕ್ಕೆ ಹೊಸ ನಿಯಮ ಬರಲ್ಲ ಎನ್ನುವುದು ಅರ್ಧ ನಿಜ. ಎನ್‌ಬಿಸಿಯೇ ಹಾಗೆ ಹೇಳುತ್ತದೆ. ಹಿಂದೆ ಒಪ್ಪಿಗೆ ಪಡೆದು ಕಟ್ಟಿದ ಕಟ್ಟಡವನ್ನು ಹೊಸ ಸಂಹಿತೆ ಬಂತು ಅಂತ ಕೆಡವಬೇಕಿಲ್ಲ, ಬದಲಿಸಬೇಕಿಲ್ಲ, ಖಾಲಿ ಮಾಡಬೇಕಿಲ್ಲ. ಇರುವ ಹಾಗೇ ಬಳಸಬಹುದು. ಇದು ನ್ಯಾಯವೂ ಹೌದು. ಇಲ್ಲದಿದ್ದರೆ ಪ್ರತಿ ಪರಿಷ್ಕಾರಕ್ಕೂ ದೇಶದ ಅರ್ಧ ಮನೆ ಒಡೆಯಬೇಕಾಗುತ್ತಿತ್ತು. ಆದರೆ ಆ ವಾಕ್ಯಕ್ಕೆ ಬಾಲ ಇದೆ. ಆ ಕಟ್ಟಡದಿಂದ ಒಳಗಿರುವವರಿಗೋ ಪಕ್ಕದವರಿಗೋ ಅಪಾಯ ಅಂತ ಅಧಿಕಾರಿಗೆ ಕಂಡರೆ ಈ ರಕ್ಷಣೆ ಇಲ್ಲ. ಕೌಂಟರಿನಲ್ಲಿ ನನಗೆ ಯಾರೂ ಬಾಲ ಓದಿ ಹೇಳಲಿಲ್ಲ.

ಇನ್ನೊಂದು ವಿಷಯ. ಹಳೆಯದಕ್ಕೆ ಏನನ್ನಾದರೂ ಸೇರಿಸಿದರೆ, ಒಡೆದು ಕಟ್ಟಿದರೆ, ಆ ಕೆಲಸಕ್ಕೆ ಈಗಿನ ನಿಯಮವೇ ಅನ್ವಯ. ಬಳಕೆ ಬದಲಾದರೂ ಅಷ್ಟೇ. ಸಂಹಿತೆ ಕಟ್ಟಡಗಳನ್ನು ಬಳಕೆಯ ಮೇಲೆ ಗುಂಪು ಮಾಡುತ್ತದೆ. ಶಾಲೆ 'ಬಿ' ಗುಂಪು, ದಾಸ್ತಾನು 'ಎಚ್' ಗುಂಪು. ಮೂಟೆ ಇಟ್ಟ ಕೋಣೆಯಲ್ಲಿ ಮಕ್ಕಳನ್ನು ಕೂರಿಸಿದ ದಿನವೇ ಒಂದು ಇಟ್ಟಿಗೆಯೂ ಅಲುಗಾಡದೆ ಅದು ಗುಂಪು ಬದಲಿಸುತ್ತದೆ. ಆಗ ಅದು ಎಷ್ಟು ಹಳೆಯದು ಎಂಬ ಮಾತು ಕೆಲಸಕ್ಕೆ ಬರುವುದಿಲ್ಲ. ತರಗತಿಗೆ ಬೇಕಾದ ಬೆಳಕು, ಗಾಳಿ, ಹೊರದಾರಿ ಅಲ್ಲಿರಬೇಕು. 45ಕ್ಕಿಂತ ಜಾಸ್ತಿ ಜನ ಹಿಡಿಸುವ ಕೋಣೆಗೆ ಕಡಿಮೆ ಅಂದರೂ ಎರಡು ಬಾಗಿಲು ಬೇಕು ಎನ್ನುತ್ತದೆ ಸಂಹಿತೆಯ ಬೆಂಕಿ ಸುರಕ್ಷತೆಯ ಭಾಗ. ನಮ್ಮ ನಾಲ್ಕನೇ ಕ್ಲಾಸಿನಲ್ಲಿ ಅಷ್ಟು ಮಕ್ಕಳಿರಲಿಲ್ಲ. ಆದರೂ ಸಿಲಿಂಡರಿನ ಪಕ್ಕ ಒಂದೇ ಬಾಗಿಲು ಸರಿ ಅನ್ನಲು ನನ್ನ ಮನಸ್ಸು ಒಪ್ಪಲಿಲ್ಲ.

ನನ್ನ ಕೆಲಸದ ಮಾತಿನಲ್ಲಿ ಹೇಳುವುದಾದರೆ ಇದು ರವಿಕೆಯ ಹಾಗೆ. ಹಳೆಯದನ್ನು ಹಾಗೇ ತೊಟ್ಟುಕೊಂಡರೆ ಯಾರೂ ಏನೂ ಕೇಳುವುದಿಲ್ಲ. ಅಮ್ಮನ ರವಿಕೆಯನ್ನು ಮಗಳಿಗೆ ಹಾಕಬೇಕು ಅಂದರೆ ಬಟ್ಟೆ ಹಳೆಯದಾದರೂ ಅಳತೆ ಹೊಸದಾಗಿ ತೆಗೆಯಲೇಬೇಕು.

ಎನ್‌ಬಿಸಿ ತಾನಾಗಿ ಕಾನೂನಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ. ಅದನ್ನು ಪ್ರಕಟಿಸುವುದು ಭಾರತೀಯ ಮಾನಕ ಬ್ಯೂರೋ. ರಾಜ್ಯದ ನಿಯಮವೋ ಸ್ಥಳೀಯ ಸಂಸ್ಥೆಯ ಉಪವಿಧಿಯೋ ಕೋರ್ಟಿನ ಆದೇಶವೋ ಅದನ್ನು ಹಿಡಿದುಕೊಂಡಾಗ ಅದಕ್ಕೆ ಬಲ ಬರುತ್ತದೆ. ಶಾಲೆಗಳ ವಿಷಯದಲ್ಲಿ ಅಂಥ ಒಂದು ಆದೇಶ ಇದೆ. ಅದರ ಹಿಂದೆ 94 ಮಕ್ಕಳ ಜೀವ ಇದೆ.

2004ರ ಜುಲೈ 16. ತಮಿಳುನಾಡಿನ ಕುಂಭಕೋಣಂ. ಒಂದು ಖಾಸಗಿ ಶಾಲೆಯ ಅಡುಗೆಮನೆಯಲ್ಲಿ ಹತ್ತಿದ ಬೆಂಕಿ ಗರಿಯ ಚಾವಣಿಗೆ ಹರಡಿತು. ಒಳಗಿದ್ದ ಚಿಕ್ಕ ಮಕ್ಕಳಿಗೆ ಹೊರಗೆ ಬರುವ ದಾರಿ ಇಕ್ಕಟ್ಟು. ಅವತ್ತು ಟಿವಿಯಲ್ಲಿ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಅದಾದ ಮೇಲೆ ಅವಿನಾಶ್ ಮೆಹ್ರೋತ್ರಾ ಎಂಬುವರು ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. 2009ರ ಏಪ್ರಿಲ್‌ನಲ್ಲಿ ತೀರ್ಪು ಬಂತು. ಸುರಕ್ಷಿತವಾದ ಶಾಲೆಯಲ್ಲಿ ಓದುವುದು ಮಗುವಿನ ಮೂಲಭೂತ ಹಕ್ಕಿನ ಭಾಗ ಎಂದಿತು ಕೋರ್ಟು. ಈಗಾಗಲೇ ಇರುವ ಎಲ್ಲ ಸರ್ಕಾರಿ ಮತ್ತು ಖಾಸಗಿ ಶಾಲೆಗಳು ಆರು ತಿಂಗಳೊಳಗೆ ಬೆಂಕಿ ಆರಿಸುವ ಸಾಧನ ಇಡಬೇಕು. ಸುಲಭವಾಗಿ ಬೆಂಕಿ ಹತ್ತುವ ವಸ್ತು ಶಾಲೆಯಲ್ಲಿ ಇರಬಾರದು, ಇಡಲೇಬೇಕಾದರೆ ಸುರಕ್ಷಿತವಾಗಿ ಇಡಬೇಕು. ಕಟ್ಟಡ ಎಷ್ಟು ಗಟ್ಟಿ ಇದೆ ಎಂದು ಆಗಾಗ ಪರೀಕ್ಷೆ ನಡೆಯಬೇಕು, ಎಂಜಿನಿಯರುಗಳು ಎನ್‌ಬಿಸಿಯನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಸರಿಯಾಗಿ ಪರಿಶೀಲಿಸದೆ ಸುರಕ್ಷತಾ ಪ್ರಮಾಣಪತ್ರ ಕೊಡಬಾರದು, ಕೊಟ್ಟರೆ ಶಿಸ್ತು ಕ್ರಮ.

ಇದನ್ನು ಓದಿದಾಗ ನಾನು ಎರಡು ಪದಗಳ ಕೆಳಗೆ ಗೆರೆ ಎಳೆದೆ. 'ಈಗಾಗಲೇ ಇರುವ' ಮತ್ತು 'ಸರ್ಕಾರಿ'. ಕಚೇರಿಗಳಲ್ಲಿ ಕೇಳಿದ ಎರಡು ಮಾತಿಗೂ ಒಂದೇ ಸಾಲಿನಲ್ಲಿ ಉತ್ತರ ಇತ್ತು.

ಕಮಿಟಿ ಸಭೆಯಲ್ಲಿ ಕುಂಭಕೋಣಂ ಕಥೆ ಹೇಳಿದೆ. ದಾಸ್ತಾನು ಕೊಠಡಿಯ ಮಾತು ಅಲ್ಲಿಗೇ ನಿಂತಿತು. ಸಿಲಿಂಡರ್‌ಗಳನ್ನು ಮರುದಿನವೇ ಹೊರಗೆ ಗಾಳಿ ಆಡುವ ಜಾಗಕ್ಕೆ, ಜಾಲರಿ ಕಟ್ಟಿಸಿ ಸಾಗಿಸಿದರು. ನಾಲ್ಕು ಮತ್ತು ಐದನೇ ಕ್ಲಾಸನ್ನು ಸೇರಿಸಿ ಒಂದೇ ಕೊಠಡಿಯಲ್ಲಿ ಕೂರಿಸಿದರು. ಇಕ್ಕಟ್ಟಾಯಿತು, ಪಾಠಕ್ಕೂ ತೊಂದರೆ ಆಯಿತು. ಮೇಡಂ ಮತ್ತು ಉಳಿದ ಶಿಕ್ಷಕರು ಅಷ್ಟು ದಿನ ಅದನ್ನು ಹೇಗೆ ನಿಭಾಯಿಸಿದರು ಎಂದು ನಾನು ಹತ್ತಿರದಿಂದ ನೋಡಿದ್ದೇನೆ. ಅವರಿಗೆ ನಾವೆಲ್ಲ ಋಣಿ.

ಈಗ ಮೊದಲನೇ ಮಾತಿಗೆ ಬರುತ್ತೇನೆ. ಸರ್ಕಾರದ ಕಟ್ಟಡಕ್ಕೆ ಕಟ್ಟಡದ ಕಾನೂನು ತಾಗುತ್ತದಾ?

ಮೇಷ್ಟ್ರು ಒಂದು ಹಳೆ ಕೇಸಿನ ಕಥೆ ಹೇಳಿದರು. ಕಲ್ಕತ್ತಾದ ಆರ್ಫನ್‌ಗಂಜ್ ರಸ್ತೆಯಲ್ಲಿ ಪಶ್ಚಿಮ ಬಂಗಾಳ ಸರ್ಕಾರವೇ ಒಂದು ಮಾರುಕಟ್ಟೆ ನಡೆಸುತ್ತಿತ್ತು. 1951ರ ಕಲ್ಕತ್ತಾ ಮುನಿಸಿಪಲ್ ಕಾಯ್ದೆ ಪ್ರಕಾರ ಅದಕ್ಕೆ ಲೈಸೆನ್ಸ್ ಬೇಕಿತ್ತು. ಸರ್ಕಾರ ತೆಗೆದುಕೊಂಡಿರಲಿಲ್ಲ. ಕಾರ್ಪೊರೇಷನ್ ಸರ್ಕಾರದ ಮೇಲೇ ಕೇಸು ಹಾಕಿತು. ಬ್ರಿಟಿಷರ ಕಾಲದ ಒಂದು ತತ್ವ ಇತ್ತು. ಕಾಯ್ದೆಯಲ್ಲಿ ಹೆಸರಿಡಿದು ಹೇಳದ ಹೊರತು ಅದು ರಾಜನಿಗೆ ತಾಗುವುದಿಲ್ಲ. 1960ರಲ್ಲಿ ಸುಪ್ರೀಂ ಕೋರ್ಟು ಇಂಥದ್ದೇ ಇನ್ನೊಂದು ಕೇಸಿನಲ್ಲಿ ಅದನ್ನೇ ಒಪ್ಪಿತ್ತು. 1967ರ ಕಾನೂನು ವರದಿಗಳಲ್ಲಿ ಸಿಗುವ ಈ ಮಾರುಕಟ್ಟೆ ಕೇಸಿನಲ್ಲಿ ಒಂಬತ್ತು ನ್ಯಾಯಾಧೀಶರ ಪೀಠ ಕೂತು ಅದನ್ನು ತಿರುಗಿಸಿತು. ಮುಖ್ಯ ನ್ಯಾಯಮೂರ್ತಿ ಸುಬ್ಬರಾವ್ ಅವರ ಕಾಲ. ಬಹುಮತದ ಮಾತು ಹೀಗಿತ್ತು. ನಮ್ಮದು ಗಣರಾಜ್ಯ. ಇಲ್ಲಿ ಕಾಯ್ದೆ ಪ್ರಜೆಗೂ ಒಂದೇ, ಸರ್ಕಾರಕ್ಕೂ ಒಂದೇ. ಸರ್ಕಾರ ಹೊರಗಿರಬೇಕಾದರೆ ಕಾಯ್ದೆಯೇ ಅದನ್ನು ನೇರವಾಗಿ ಹೇಳಬೇಕು, ಇಲ್ಲವೇ ಓದಿದರೆ ಬೇರೆ ಅರ್ಥ ಬರದಷ್ಟು ಸ್ಪಷ್ಟವಾಗಿರಬೇಕು.

ನನಗೆ ಇದು ದೊಡ್ಡ ಬೆಳಕು. ಅಲ್ಲಿಯವರೆಗೆ 'ಸರ್ಕಾರಕ್ಕೆ ಅನ್ವಯ ಅಂತ ಎಲ್ಲಿ ಬರೆದಿದೆ' ಎಂದು ತೋರಿಸುವ ಹೊರೆ ನನ್ನ ಮೇಲಿತ್ತು. ಈಗ 'ಅನ್ವಯ ಇಲ್ಲ ಅಂತ ಎಲ್ಲಿ ಬರೆದಿದೆ, ತೋರಿಸಿ' ಎಂದು ಕೇಳುವ ಧೈರ್ಯ ಬಂತು. ಕೇಳುವ ಪ್ರಶ್ನೆ ತಿರುಗಿತು. ಕಚೇರಿಯಲ್ಲಿ ಮಾತಿನ ಧಾಟಿಯೂ ತಿರುಗಿತು.

ವಿನಾಯಿತಿಗಳು ಇಲ್ಲವೇ ಇಲ್ಲ ಅಂತಲ್ಲ. ಒಂದು ಕಚೇರಿಯಲ್ಲಿ ಗುಮಾಸ್ತರು, "ರೈಲ್ವೆಯವರು ಯಾರನ್ನ ಕೇಳಿ ಕಟ್ಟುತ್ತಾರೆ ಹೇಳಿ?" ಎಂದರು. ಅವರು ಹೇಳಿದ್ದರಲ್ಲಿ ಹುರುಳಿದೆ. 1989ರ ರೈಲ್ವೆ ಕಾಯ್ದೆಯ 11ನೇ ಕಲಂ ರೈಲ್ವೆಗೆ ತನ್ನ ಕೆಲಸಕ್ಕೆ ಬೇಕಾದ ಕಟ್ಟಡ ಕಟ್ಟಲು ದೊಡ್ಡ ಅಧಿಕಾರ ಕೊಟ್ಟಿದೆ, ಬೇರೆ ಕಾನೂನು ಏನೇ ಇದ್ದರೂ. ಎನ್‌ಬಿಸಿಯಲ್ಲೂ ರೈಲು, ಹೆದ್ದಾರಿ, ಬಂದರು, ವಿಮಾನ ನಿಲ್ದಾಣದಂಥ ಸೇವೆ ನಡೆಸಲು ಬೇಕೇ ಬೇಕಾದ ಸರ್ಕಾರಿ ಕಟ್ಟಡಕ್ಕೆ ಅನುಮತಿಯಿಂದ ವಿನಾಯಿತಿ ಕೊಡಬಹುದು ಅಂತಿದೆ. ಆದರೆ ಮೇಷ್ಟ್ರು ಅದರ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು ಓದಿಸಿದರು. ರೈಲ್ವೆಯದೇ ಆದರೂ ಹೊಸ ವಸತಿ ಮನೆ, ಆಸ್ಪತ್ರೆ, ಕ್ಲಬ್ಬು, ಶಾಲೆ ಈ ವಿನಾಯಿತಿಯಲ್ಲಿ ಸೇರುವುದಿಲ್ಲ. ರೈಲು ಓಡಿಸಲು ಸಿಗ್ನಲ್ ಕ್ಯಾಬಿನ್ ಬೇಕು. ಶಾಲೆಯ ಸೂರಿನ ಕೆಳಗೆ ಕೂರುವ ಮಗು ಯಾರದಾದರೂ ಮಗುವೇ.

ಪಕ್ಕದ ಮಹಾರಾಷ್ಟ್ರದ ದಾರಿಯೂ ನನಗೆ ಹಿಡಿಸಿತು. ಅಲ್ಲಿನ 1966ರ ನಗರ ಯೋಜನಾ ಕಾಯ್ದೆಯ 58ನೇ ಕಲಂ ಪ್ರಕಾರ ಸರ್ಕಾರ ತನಗಾಗಿ ಕಟ್ಟುವಾಗ ಕಡಿಮೆ ಅಂದರೂ 30 ದಿನ ಮುಂಚೆ ನಕ್ಷೆ, ದಾಖಲೆ ಸಮೇತ ಯೋಜನಾ ಪ್ರಾಧಿಕಾರಕ್ಕೆ ಬರೆದು ತಿಳಿಸಬೇಕು. ಪ್ರಾಧಿಕಾರ ಆಕ್ಷೇಪ ಎತ್ತಬಹುದು. ಒಪ್ಪದಿದ್ದರೆ ವಿಷಯ ರಾಜ್ಯ ಸರ್ಕಾರದ ಮುಂದೆ ಹೋಗುತ್ತದೆ. ಖಾಸಗಿಯವರ ಹಾಗೆ ಕೈಕಟ್ಟಿ ಕಾಯಬೇಕಿಲ್ಲ, ಆದರೆ ಹೇಳದೇ ಕಟ್ಟುವ ಹಾಗೂ ಇಲ್ಲ.

ಎರಡು ಬೇರೆ ಬೇರೆ ವಿಷಯಗಳನ್ನು ನಾವು ಒಂದೇ ಮಾಡಿಕೊಂಡುಬಿಡುತ್ತೇವೆ. ಪರವಾನಗಿ ಕೇಳುವುದು ಒಂದು. ಸುರಕ್ಷಿತವಾಗಿ ಕಟ್ಟಿ ಸುರಕ್ಷಿತವಾಗಿ ಇಟ್ಟುಕೊಳ್ಳುವುದು ಇನ್ನೊಂದು. ಕೆಲವು ಸರ್ಕಾರಿ ಕಟ್ಟಡಗಳಿಗೆ ಮೊದಲನೆಯದರಿಂದ ವಿನಾಯಿತಿ ಸಿಕ್ಕಿದೆ. ಎರಡನೆಯದರಿಂದ ಬಿಡುಗಡೆ ಕೊಟ್ಟ ಕಾಗದವನ್ನು ಈ ಎರಡು ವರ್ಷದಲ್ಲಿ ನನಗೆ ಯಾರೂ ತೋರಿಸಲಿಲ್ಲ.

ತೋರಿಸಿ ಅಂತ ಬರೆದೇ ಕೇಳಿದೆ. ನಮ್ಮದು ಪಟ್ಟಣ ಪಂಚಾಯಿತಿ. 1964ರ ಪುರಸಭೆಗಳ ಕಾಯ್ದೆ ನಮಗೆ ಬರುತ್ತದೆ. ಸರ್ಕಾರಿ ಶಾಲೆಗೆ ಕಟ್ಟಡ ನಿಯಮದಿಂದ ವಿನಾಯಿತಿ ಕೊಟ್ಟ ಆದೇಶದ ಪ್ರತಿ ಕೊಡಿ ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಕರ್ನಾಟಕದಲ್ಲಿ ಈ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಶುಲ್ಕ 10 ರೂಪಾಯಿ. ನನ್ನ ಮೊದಲ ಅರ್ಜಿಯಲ್ಲಿ ಸೂರು, ಶೌಚಾಲಯ, ಕಾಂಪೌಂಡು ಎಲ್ಲ ಸೇರಿಸಿದ್ದೆ, ಹಾಗೇ ವಾಪಸ್ ಬಂತು. ಎರಡನೆಯದನ್ನು ನಾಲ್ಕು ಸಾಲಿನಲ್ಲಿ ಬರೆದೆ. ಗಡುವು 30 ದಿನ. ಇಪ್ಪತ್ತೆಂಟನೇ ದಿನ ಉತ್ತರ ಬಂತು: ಅಂಥ ಆದೇಶ ಈ ಕಚೇರಿಯ ಕಡತದಲ್ಲಿ ಲಭ್ಯವಿಲ್ಲ.

ಆ ಒಂದು ಸಾಲಿನ ಹಿಂಬರಹವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇಟ್ಟುಕೊಂಡೆ. ಆಮೇಲೆ ಎಲ್ಲಿ ಹೋದರೂ ಅದು ನನ್ನ ಚೀಲದಲ್ಲಿತ್ತು. ಬಾಯಿಮಾತಿನ ಉತ್ತರ ಮನೆಗೆ ಬರುವಷ್ಟರಲ್ಲಿ ಕರಗಿಹೋಗುತ್ತದೆ. ಪ್ರತಿ ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿ ಸ್ವೀಕೃತಿ ತೆಗೆದುಕೊಳ್ಳಿ. ಇಲ್ಲ ಅನ್ನುವುದಾದರೆ ಬರೆದುಕೊಡಿ ಅಂತ ಮೆತ್ತಗೆ ಕೇಳಿ. ಜೋರು ಮಾಡಬೇಕಿಲ್ಲ.

ಮುಂದಿನ ಪತ್ರವನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರೆದೆವು, ಪ್ರತಿಯನ್ನು ಎಂಜಿನಿಯರಿಂಗ್ ವಿಭಾಗಕ್ಕೆ. 'ಕೊಠಡಿ ದುರಸ್ತಿ ಮಾಡಿಕೊಡಿ' ಎಂದು ಬರೆಯಲಿಲ್ಲ. ಮೊದಲಿನ ಮೂರು ಪತ್ರಗಳಲ್ಲಿ ಹಾಗೇ ಬರೆದಿದ್ದೆವು, ಅವು ಅನುದಾನದ ಸಾಲಿನಲ್ಲಿ ಹೋಗಿ ನಿಂತುಕೊಂಡಿದ್ದವು. ಈ ಸಲ 'ಕಟ್ಟಡದ ಸುರಕ್ಷತೆಯನ್ನು ಪರಿಶೀಲಿಸಿ ತಾಂತ್ರಿಕ ವರದಿ ಕೊಡಿ' ಎಂದು ಬರೆದೆವು. ಕಾಂಕ್ರೀಟ್ ಬಿದ್ದ ದಿನದ ಫೋಟೊ, ಸೀಮೆಸುಣ್ಣದ ಗುರುತಿನ ಫೋಟೊ ಲಗತ್ತಿಸಿದೆವು. 2009ರ ತೀರ್ಪಿನ ಸಾಲು ಸೇರಿಸಿದೆವು. ಎರಡು ವಾರದಲ್ಲಿ ಎಂಜಿನಿಯರ್ ಸ್ಥಳ ಪರಿಶೀಲನೆಗೆ ಬಂದರು.

ಬಂದವರು ಕಾಳಜಿಯಿಂದ ಕೆಲಸ ಮಾಡಿದರು. ಸುತ್ತಿಗೆಯಂಥ ಒಂದು ಸಾಧನವನ್ನು ಕಾಂಕ್ರೀಟಿಗೆ ಒತ್ತಿ ಅದು ಎಷ್ಟು ಹಿಂದಕ್ಕೆ ಚಿಮ್ಮುತ್ತದೆ ಎಂದು ಬರೆದುಕೊಂಡರು. ಒಡೆದ ಜಾಗಕ್ಕೆ ಫಿನಾಲ್ಫ್‌ಥಲೀನ್ ದ್ರವ ಸಿಂಪಡಿಸಿದರು. ಕ್ಷಾರ ಗುಣ ಉಳಿದಿದ್ದರೆ ಗುಲಾಬಿ ಬಣ್ಣ ಬರುತ್ತದೆ. ನಾಲ್ಕನೇ ಕೊಠಡಿಯಲ್ಲಿ ಸರಳಿನ ಹತ್ತಿರ ಗುಲಾಬಿ ಬಂತು. ಮೂರನೆಯದರಲ್ಲಿ ಸರಳಿನವರೆಗೂ ಏನೂ ಬರಲಿಲ್ಲ. ಕಾಂಕ್ರೀಟು ನೀರಿನಲ್ಲಿ ನೆನೆದ ಹಾಗೆ ಕಂಡಿತು, ಅಷ್ಟೆ. ನಮ್ಮ ಜೊತೆ ನಿಂತು ನೋಡುತ್ತಿದ್ದ ಮೇಡಂ ಕಣ್ಣು ಒರೆಸಿಕೊಂಡರು. ಹನ್ನೊಂದು ವರ್ಷ ಅದೇ ಕೊಠಡಿಯಲ್ಲಿ ಪಾಠ ಮಾಡಿದ್ದೆ ಎಂದರು.

ಡಿಸೆಂಬರಿನಲ್ಲಿ ವರದಿ ಬಂತು. ಮೂರನೇ ಕೊಠಡಿ ಶಿಥಿಲ, ಬಳಕೆಗೆ ಯೋಗ್ಯವಲ್ಲ, ತೆರವು ಮಾಡಬೇಕು. ನಾಲ್ಕನೆಯದು ದುರಸ್ತಿಗೆ ಯೋಗ್ಯ. ತಾರಸಿ ಮೇಲಿನ ಟ್ಯಾಂಕನ್ನು ಕೂಡಲೇ ನೆಲಕ್ಕೆ ಇಳಿಸಬೇಕು. ಟ್ಯಾಂಕು ಅದೇ ವಾರ ಇಳಿಯಿತು. ತೆರವಿನ ಅನುಮತಿ, ಹಳೆ ಸಾಮಾನಿನ ಹರಾಜು, ಅಂದಾಜು ಪಟ್ಟಿ, ಅನುದಾನ ಇವೆಲ್ಲ ಒಂದಾದ ಮೇಲೊಂದು ಬಂದವು, ನಿಧಾನಕ್ಕೆ. ಅದರಲ್ಲಿ ಹೇಳುವಂಥದ್ದು ಕಾಯುವುದು ಬಿಟ್ಟು ಬೇರೇನೂ ಇಲ್ಲ. 2024ರ ಬೇಸಿಗೆ ರಜೆಯಲ್ಲಿ ಕೊಠಡಿ ನೆಲಸಮವಾಯಿತು.

2025ರ ಆರಂಭದಲ್ಲಿ ಎರಡು ಹೊಸ ಕೊಠಡಿಯ ನಕ್ಷೆ ಕೈಗೆ ಬಂತು. ಮನೆಗೆ ತಂದು ಹೊಲಿಗೆ ಟೇಬಲ್ ಮೇಲೆ ಹರಡಿದೆ. ನಕ್ಷೆ ಓದಲು ಮೇಷ್ಟ್ರು ಅಷ್ಟರಲ್ಲಿ ಕಲಿಸಿದ್ದರು. ಬಾಗಿಲು, ಕಿಟಕಿ ಸರಿಯಾಗಿತ್ತು. ಪಾಯದ ಎತ್ತರ 45 ಸೆಂಟಿಮೀಟರ್. ಮೂರು ಮೆಟ್ಟಿಲು. ಪಕ್ಕದಲ್ಲಿ ಇಳಿಜಾರು ದಾರಿ, ಅಂದರೆ ರ‍್ಯಾಂಪ್, ಉದ್ದ 3 ಮೀಟರ್.

ಎರಡನೇ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದಾನೆ. ಕಾಲಿಗೆ ಕ್ಯಾಲಿಪರ್ ಹಾಕಿಕೊಂಡು ನಡೆಯುತ್ತಾನೆ. ಮೆಟ್ಟಿಲ ಹತ್ತಿರ ಅವನ ಅಜ್ಜಿ ಎತ್ತಿಕೊಂಡು ಹತ್ತಿಸುತ್ತಾರೆ. ಅಂಥ ಮಕ್ಕಳಿಗಾಗಿ ಹಳೆ ಕಟ್ಟಡವನ್ನೂ ಬಿಡದ ಕಾನೂನುಗಳಿವೆ. ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1. ಅಡೆತಡೆ ಇಲ್ಲದ ದಾರಿ ಅದರ ಅನುಸೂಚಿಯಲ್ಲಿದೆ. ಮೊದಲೇ ಇದ್ದ ಶಾಲೆಗಳಿಗೆ ಕೊಟ್ಟ ಕಾಲ ಮೂರು ವರ್ಷ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 45ನೇ ಕಲಂ ಇರುವ ಎಲ್ಲ ಸಾರ್ವಜನಿಕ ಕಟ್ಟಡಗಳಿಗೆ, ಸರ್ಕಾರಿ ಖಾಸಗಿ ಎನ್ನದೆ, ನಿಯಮ ಪ್ರಕಟವಾದ ದಿನದಿಂದ ಐದು ವರ್ಷ ಕೊಟ್ಟಿತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಲೆಕ್ಕ ಹಾಕಿದರೆ ಎರಡೂ ಗಡುವು ನಮ್ಮ ಸೂರು ಬೀಳುವ ಮೊದಲೇ ಮುಗಿದಿದ್ದವು. 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಅವರ ಕೇಸಿನಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಯಿತು. ಆ ನಿಯಮಗಳ 15ನೇ ನಿಯಮ ಬರೀ ಸಲಹೆಯ ಹಾಗಿದೆ, ಕಾಯ್ದೆಗೆ ಒಪ್ಪುವುದಿಲ್ಲ, ಪಾಲಿಸಲೇಬೇಕಾದ ನಿಯಮಗಳನ್ನು ಮೂರು ತಿಂಗಳಲ್ಲಿ ಮಾಡಿ ಎಂದು ಕೇಂದ್ರಕ್ಕೆ ಹೇಳಿತು.

ರ‍್ಯಾಂಪಿನ ಇಳಿಜಾರು 1ಕ್ಕೆ 12ಕ್ಕಿಂತ ಕಡಿದಾಗಿರಬಾರದು. ಒಂದು ಅಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದ. 45 ಸೆಂಟಿಮೀಟರಿಗೆ 540 ಸೆಂಟಿಮೀಟರ್ ಬೇಕು. ನಕ್ಷೆಯಲ್ಲಿದ್ದದ್ದು 300. ಪೆನ್ಸಿಲಿನಲ್ಲಿ ಮೂರು ಸಲ ಲೆಕ್ಕ ಮಾಡಿದೆ. ಮೇಷ್ಟ್ರ ಮನೆಗೆ ಹೋಗಿ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ನೀನೇ ಹೋಗಿ ಹೇಳು, ನಾನು ಬರಲ್ಲ" ಎಂದರು.

ಹೋದೆ. ಎಂಜಿನಿಯರ್ ನಕ್ಷೆ ನೋಡಿದರು, ನನ್ನ ಲೆಕ್ಕ ನೋಡಿದರು. "ಇದು ಹಳೇ ಟೈಪ್ ಪ್ಲಾನ್ ಅಮ್ಮ, ಹಾಗೇ ಬಂದುಬಿಟ್ಟಿದೆ" ಎಂದು ಅಲ್ಲೇ ಕೆಂಪು ಪೆನ್ನಿನಲ್ಲಿ ತಿದ್ದಿದರು. ನೇರಕ್ಕೆ ಅಷ್ಟು ಜಾಗ ಇರಲಿಲ್ಲ. ಗೋಡೆಯ ಪಕ್ಕದಲ್ಲಿ ತಿರುಗಿಸಿ, ಹೊಂಗೆ ಮರದ ಈಚೆಗೆ ತಂದರು. ತಿರುವಿನಲ್ಲಿ ನಿಲ್ಲಲು ಸಮತಟ್ಟು ಜಾಗ ಬಿಟ್ಟರು. ತಿದ್ದಿದ ನಕ್ಷೆಗೆ ಮತ್ತೆ ಸಹಿ ಆಗಲು ಮೂರು ವಾರ ಹಿಡಿಯಿತು.

ಪಾಯ ಗುರುತು ಮಾಡುವ ದಿನ ಮೇಸ್ತ್ರಿ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದರು. ನನ್ನ ಕೊರಳಲ್ಲಿ ಟೇಪು ಇತ್ತು, ಅಂಗಡಿಯಿಂದ ಹಾಗೇ ಬಂದಿದ್ದೆ. ದರ್ಜಿಯ ಟೇಪು 150 ಸೆಂಟಿಮೀಟರ್. ಇಳಿಜಾರಿನ ಗೆರೆಯ ಉದ್ದಕ್ಕೂ ಅದನ್ನು ಇಟ್ಟುಕೊಂಡು ಹೋದೆ. ಮೂರು ಟೇಪು ಪೂರ್ತಿ, ನಾಲ್ಕನೆಯದರಲ್ಲಿ ತೊಂಬತ್ತು. ಅಜ್ಜಿ ಮೊಮ್ಮಗನ ಕೈ ಹಿಡಿದುಕೊಂಡು ಗೆರೆಯ ಆಚೆ ತುದಿಯಲ್ಲಿ ನಿಂತಿದ್ದರು. ಹುಡುಗ ಸುಣ್ಣದ ಗೆರೆ ತುಳಿಯದ ಹಾಗೆ ಅದರ ಪಕ್ಕದಲ್ಲೇ ನಡೆದು ನನ್ನ ಹತ್ತಿರ ಬಂದ.